ಪಿಯುಸಿ ನಂತರ ಎಕ್ಸ್-ರೇ, ಸಿಟಿ ಸ್ಕ್ಯಾನ್ ಕಲಿಯುವ ಕೋರ್ಸ್: ಮಗಳನ್ನು ಸೇರಿಸಬಹುದೇ?

ಕುಮಟಾ_ತೋಟಿಗ ಕೇಳಿದ್ದು:

ನಮಸ್ಕಾರ. ಮಗಳು ಈ ವರ್ಷ ವಿಜ್ಞಾನದಲ್ಲಿ ಪಿಯುಸಿ ಮುಗಿಸಿದಳು. ನೀಟ್ ಫಲಿತಾಂಶ ನೋಡಿದ ಮೇಲೆ ಡಾಕ್ಟರ್ ಆಗುವ ಮಾತು ಅವಳೇ ಬಿಟ್ಟಳು. ಈಗ ಮೆಡಿಕಲ್ ಇಮೇಜಿಂಗ್ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನನ್ನದೇನೂ ಅಡ್ಡಿಯಿಲ್ಲ. ನನ್ನ ತಾಯಿ ಮಾತ್ರ, ಹೆಣ್ಣುಮಗುವಿಗೆ ಆ ಕಿರಣದ ಸಹವಾಸ ಬೇಡ, ನಾಳೆ ಮದುವೆ, ಮಕ್ಕಳು ಎಂದರೆ ಏನು ಗತಿ ಎಂದು ಊಟಕ್ಕೆ ಕುಳಿತಾಗಲೆಲ್ಲ ಎತ್ತುತ್ತಾರೆ. ಡಿಪ್ಲೊಮಾ ಸಾಕೇ, ಬಿಎಸ್ಸಿ ಬೇಕೇ? ಕಾರವಾರದ ಕಡೆ ಕೆಲಸ ಸಿಗುತ್ತದೆಯೇ? ಕೆಲಸದಲ್ಲಿರುವವರು ಹೇಳಿದರೆ ಉಪಕಾರವಾಗುತ್ತದೆ.

ಅಂಕೋಲಾ_ರೇಡಿಯೋಗ್ರಾಫರ್:

ಅಣ್ಣಾ, ಮೊದಲು ಅಮ್ಮನಿಗೆ ಉತ್ತರ ಕೊಡುತ್ತೇನೆ. ನಾನು ಇದೇ ಕೆಲಸದಲ್ಲಿದ್ದುಕೊಂಡು ಇಬ್ಬರು ಮಕ್ಕಳನ್ನು ಹೆತ್ತವಳು. ಗುಂಡಿ ಒತ್ತುವಾಗ ನಾವು ಸೀಸದ ತಡೆಯ ಹಿಂದೆ ನಿಂತಿರುತ್ತೇವೆ. ಕೈ ತೆಗೆದ ಕ್ಷಣಕ್ಕೆ ಕಿರಣ ನಿಲ್ಲುತ್ತದೆ, ಕೋಣೆಯಲ್ಲಿ ಉಳಿದುಕೊಳ್ಳುವುದಿಲ್ಲ. ಎದೆಯ ಮೇಲೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ, ಸೀಸದ ಏಪ್ರನ್ ತೊಟ್ಟಾಗ ಅದರ ಒಳಗೆ. ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ ಎಷ್ಟು ವಿಕಿರಣ ತಗುಲಿದೆ ಎಂದು ಲೆಕ್ಕ ತರಿಸುತ್ತಾರೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹಾಕಿದ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲುವ ವಿಕಿರಣದ ಅಳತೆ), ಯಾವ ಒಂದು ವರ್ಷದಲ್ಲೂ 30 ದಾಟಬಾರದು. ನೆಟ್ಟಗೆ ನಡೆಯುವ ಎಕ್ಸ್-ರೇ ಕೋಣೆಯಲ್ಲಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಬಸುರಿಯಾದರೆ ತಿಳಿಸಬೇಕು, ಅಲ್ಲಿಂದ ಮುಂದೆ ಮಗುವಿಗೆ 1 ಮಿಲಿಸೀವರ್ಟ್ ಮೀರದಂತೆ ಕೆಲಸ ಹಂಚಬೇಕೆಂಬ ನಿಯಮವಿದೆ. ಎಂಆರ್‌ಐಯಲ್ಲಂತೂ ಎಕ್ಸ್-ಕಿರಣವೇ ಇಲ್ಲ, ಅಲ್ಲಿ ಹೆದರಬೇಕಾದ್ದು ಅಯಸ್ಕಾಂತಕ್ಕೆ. ಆಮ್ಲಜನಕದ ಸಿಲಿಂಡರ್ ಒಳಗೆ ತಂದರೆ ಅದು ಹಾರಿ ಯಂತ್ರದ ಬಾಯಿಗೇ ಬಂದು ಬಡಿಯುತ್ತದೆ.

ಅಮ್ಮ ಹೆದರಲೇಬೇಕೆಂದಿದ್ದರೆ ಸೊಂಟನೋವಿಗೆ ಹೆದರಲಿ. ಸ್ಟ್ರೆಚರ್‌ನಿಂದ ಮೇಜಿಗೆ ರೋಗಿಯನ್ನು ಸರಿಸುವುದು, ಮತ್ತೆ ವಾಪಸು, ರಾತ್ರಿ ಪಾಳಿಯಲ್ಲಿ ಜೊತೆಗೆ ಒಬ್ಬ ವಾರ್ಡ್‌ಬಾಯ್ ಸಿಕ್ಕರೆ ಪುಣ್ಯ.

ಯಂತ್ರ ಯಾರಿಗಾದರೂ ಬೇಗ ಒಲಿಯುತ್ತದೆ. ಕಷ್ಟ ಇರುವುದು ಮನುಷ್ಯರನ್ನು ನಿಲ್ಲಿಸುವ, ಮಲಗಿಸುವ ರೀತಿಯಲ್ಲಿ. ನಮ್ಮ ಜಿಲ್ಲೆಯ ಉದಾಹರಣೆಯನ್ನೇ ಹೇಳುತ್ತೇನೆ. ಅಡಿಕೆ ಕೊನೆ ಕೊಯ್ಯಲು ಹತ್ತಿ ಮರದಿಂದ ಬಿದ್ದ ಕೊನೆಗೌಡನನ್ನು ಕೊರಳಿಗೆ ಪಟ್ಟಿ ಹಾಕಿ ಕರೆತರುತ್ತಾರೆ. ಅವನನ್ನು ಹೊರಳಿಸುವಂತಿಲ್ಲ, ಎಬ್ಬಿಸುವಂತಿಲ್ಲ. ಮಲಗಿದಲ್ಲೇ ಪಕ್ಕದಿಂದ ಅಡ್ಡ ಕಿರಣ ಹಾಯಿಸಿ ಕತ್ತಿನ ಏಳೂ ಕಶೇರುಕಗಳನ್ನು ತೋರಿಸಬೇಕು. ಜೀವಮಾನವೆಲ್ಲ ಮರ ಹತ್ತಿದವನ ಭುಜ ಹೇಗಿರುತ್ತದೆ ನಿಮಗೇ ಗೊತ್ತು, ಏಳನೆಯದು ಆ ಭುಜದ ನೆರಳಿನಲ್ಲಿ ಮುಚ್ಚಿಹೋಗುತ್ತದೆ. ಕೈಗೆ ಪೆಟ್ಟಿಲ್ಲವೆಂದು ಡಾಕ್ಟರ್ ಖಚಿತಪಡಿಸಿದರೆ ಎರಡೂ ಕೈಗಳನ್ನು ಪಾದದ ಕಡೆಗೆ ಮೆಲ್ಲನೆ ಎಳೆದು ಹಿಡಿಸುತ್ತೇವೆ. ಆಗಲೂ ಕಾಣದಿದ್ದರೆ ಒಂದು ಕೈ ತಲೆಯ ಮೇಲಕ್ಕೆ ಎತ್ತಿಸಿ ಇನ್ನೊಂದು ಚಿತ್ರ. ಆರು ಮೂಳೆ ಕಂಡಿತು, ಸಾಕು ಎಂದು ಕಳಿಸುವವಳು ಈ ಕೆಲಸಕ್ಕೆ ಬರಬಾರದು.

ಕಾರವಾರದ ಕಡೆ ಕೊಂಕಣಿಯೂ ಬರಬೇಕು. ಎದೆಯ ಚಿತ್ರಕ್ಕೆ ಉಸಿರು ಎಳೆದು ಹಿಡಿದುಕೊಳ್ಳಿ ಎಂದರೆ ಅಜ್ಜಿಗೆ ತಕ್ಷಣ ಅರ್ಥವಾಗಬೇಕಲ್ಲ.

ಓದಿನ ವಿಷಯ: ಅರೆವೈದ್ಯಕೀಯ ಮಂಡಳಿಯ ಡಿಪ್ಲೊಮಾ ಪಿಯುಸಿ ವಿಜ್ಞಾನದವರಿಗೆ ಎರಡು ವರ್ಷ, ಎಸ್ಸೆಸ್ಸೆಲ್ಸಿ ಮೇಲೆ ಸೇರಿದರೆ ಮೂರು. ಬಿಎಸ್ಸಿಯಾದರೆ ಮೂರು ವರ್ಷದ ಪಾಠದ ಮೇಲೆ ಇಂಟರ್ನ್‌ಶಿಪ್. ಹಣದ ಅನುಕೂಲವಿದ್ದರೆ ಬಿಎಸ್ಸಿಯೇ ಮಾಡಿಸಿ. ಸಿಟಿ, ಎಂಆರ್‌ಐ ಮೇಲೆ ಕೈ ಕುದುರುವುದು ಅಲ್ಲೇ, ಮುಂದೆ ಎಂಎಸ್ಸಿ ಬೇಕೆಂದರೂ ದಾರಿ ಇರುತ್ತದೆ. ಕಾರವಾರದಲ್ಲೇ ಮೊದಲ ಕೆಲಸ ಎಂದು ಕಾಯಬೇಡಿ. ನಮ್ಮ ರೋಗಿಗಳೇ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾದ ಬಾಂಬೋಳಿ ಎಂದು ಓಡುತ್ತಾರೆ; ಕಲಿಯುವವಳೂ ಆ ಕಡೆ ಹೋಗಿ ಬರುವುದೇ ಸರಿ.

ಕೈಗಾ_ನಿವೃತ್ತ:

ಮೇಡಂ ಬ್ಯಾಡ್ಜ್ ಬಗ್ಗೆ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಾನೂ ಅಂಥದ್ದನ್ನೇ ಎದೆಗೆ ಸಿಕ್ಕಿಸಿಕೊಂಡು ಕೈಗಾದ ಅಣು ವಿದ್ಯುತ್ ಸ್ಥಾವರದಲ್ಲಿ ದುಡಿದವನು. ಆಸ್ಪತ್ರೆಯಲ್ಲಿ ತರಬೇತಿ ಶುರುವಾದ ದಿನವೇ ಮಗಳ ಹೆಸರಿನದೇ ಬ್ಯಾಡ್ಜ್ ಕೊಡುತ್ತಾರೆಯೇ ಎಂದು ಕೇಳಿ. ಗೆಳತಿಯದನ್ನು ತೊಟ್ಟರೆ ಇಬ್ಬರ ಲೆಕ್ಕವೂ ಕೆಟ್ಟಿತು. ಅವಳಿಗೆ ಇನ್ನೂ ಹದಿನೆಂಟು ತುಂಬಿಲ್ಲದಿದ್ದರೆ ಮಿತಿ ಇನ್ನೂ ಬಿಗಿ, ವರ್ಷಕ್ಕೆ 6 ಮಿಲಿಸೀವರ್ಟ್. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ. ನಮ್ಮ ಮನೆಯಲ್ಲೂ ಇದೇ ಗಲಾಟೆ ನಡೆದಿತ್ತು.

ಸಿದ್ದಾಪುರದ_ಹುಡುಗ:

ನಾನು ಹುಬ್ಬಳ್ಳಿಯಲ್ಲಿ ಎರಡನೇ ವರ್ಷದ ಬಿಎಸ್ಸಿ. ಕಾಲೇಜು ನೋಡಲು ಹೋದಾಗ ಕಟ್ಟಡ, ಗ್ರಂಥಾಲಯ ಎಲ್ಲ ತೋರಿಸುತ್ತಾರೆ. ನೀವು ಬೆಳಿಗ್ಗೆ ಹತ್ತಕ್ಕೆ ಅವರ ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಎದುರು ಸಾಲು ಎಷ್ಟಿದೆ ನೋಡಿ. ಸಾಲಿಲ್ಲದ ಕಡೆ ಕಲಿಯಲು ಏನಿದೆ? ಸಿಟಿ, ಎಂಆರ್‌ಐ ಅಲ್ಲೇ ಇವೆಯೋ, ಬೇರೆ ಕಡೆ ಕಳಿಸುತ್ತಾರೋ ಕೇಳಿ. ಮೊದಲ ವರ್ಷದ ಅಂಗರಚನಾಶಾಸ್ತ್ರ ಬಾಯಿಪಾಠವಾದರೂ ಮಾಡಬಹುದು, ಭೌತಶಾಸ್ತ್ರ ಹಾಗಲ್ಲ. ದೂರ ಇಮ್ಮಡಿಯಾದರೆ ಕಿರಣ ಕಾಲುಭಾಗಕ್ಕೆ ಇಳಿಯುವ ಲೆಕ್ಕ ಪರೀಕ್ಷೆಯಲ್ಲೂ ಬೇಕು, ಕೋಣೆಯಲ್ಲೂ ಬೇಕು.

ಕುಮಟಾ_ತೋಟಿಗ:

ಎಲ್ಲರಿಗೂ ಧನ್ಯವಾದ. ಅಂಕೋಲಾದ ತಂಗಿಯ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ಸೊಂಟನೋವಿನ ಭಾಗ ಮಾತ್ರ ಒಪ್ಪಿದರು! ಇನ್ನೊಂದು ಕೇಳುವುದಿದೆ. ಆರು ತಿಂಗಳಲ್ಲಿ ಸ್ಕ್ಯಾನಿಂಗ್ ಕಲಿಸುತ್ತೇವೆ, ಊರಲ್ಲೇ ಸೆಂಟರ್ ಹಾಕಬಹುದು ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಅದು ಹೇಗೆ?

ಅಂಕೋಲಾ_ರೇಡಿಯೋಗ್ರಾಫರ್:

ಆ ಮಾತು ಅಲ್ಲಿಗೇ ಬಿಡಿ, ಅಣ್ಣಾ. ಸ್ಕ್ಯಾನಿಂಗ್ ಎಂದು ಊರಿನಲ್ಲಿ ಕರೆಯುವುದು ಅಲ್ಟ್ರಾಸೌಂಡ್. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಗರ್ಭಿಣಿಯ ಅಲ್ಟ್ರಾಸೌಂಡ್ ಮಾಡುವವರು ಅರ್ಹತೆ ಪಡೆದ ವೈದ್ಯರೇ ಆಗಿರಬೇಕು, ಕೇಂದ್ರಕ್ಕೂ ನೋಂದಣಿ ಇರಬೇಕು. ನಾನು ಇಷ್ಟು ವರ್ಷ ಇದೇ ವಿಭಾಗದಲ್ಲಿದ್ದರೂ ಆ ಯಂತ್ರದ ಹಿಡಿಕೆ ಮುಟ್ಟುವುದಿಲ್ಲ. ಆ ಪರಿಚಯದವರಿಗೆ ಮುಂಗಡವೇನೂ ಕೊಟ್ಟಿಲ್ಲ ತಾನೇ? ಡಿಪ್ಲೊಮಾ ಎಂದರೂ ಬಿಎಸ್ಸಿ ಎಂದರೂ ಶುಲ್ಕ ಕಟ್ಟುವ ಮೊದಲು ಆ ಕಾಲೇಜಿನ ಹೆಸರು ಅರೆವೈದ್ಯಕೀಯ ಮಂಡಳಿಯ ಅಥವಾ ವಿಶ್ವವಿದ್ಯಾಲಯದ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ಮಗಳ ಕೈಯಲ್ಲೇ ನೋಡಿಸಿ.