ಮನೆಯ ದಾರಿಯಲ್ಲಿ 300 ಮೀಟರು ರಿವರ್ಸ್: ದೋಷ ಕಾರಿನದೋ, ನನ್ನದೋ?

ಪ್ರಶ್ನೆ: ಡ್ರೈವಿಂಗ್ ಕಲಿಸುವ ಮಾಷ್ಟ್ರಿಗೆ ನಮಸ್ಕಾರ. ನಮ್ಮ ಮನೆ ಪೆರ್ಲದ ಸಮೀಪ, ಗುಡ್ಡದ ಕೆಳಗಿದೆ. ಡಾಮರು ರಸ್ತೆಯಿಂದ ಅಂಗಳದವರೆಗೆ ಸುಮಾರು 300 ಮೀಟರು ಮಣ್ಣಿನ ದಾರಿ. ಒಂದು ಬದಿಗೆ ಗೋಡೆಯಂತೆ ಕಡಿದಾದ ಮುರಕಲ್ಲಿನ ಬರೆ, ಇನ್ನೊಂದು ಬದಿಗೆ ನೀರು ಹರಿಯುವ ತೋಡು. ಅಂಗಳದಲ್ಲಿ ಅಡಿಕೆ ಹರವಿರುವುದರಿಂದ ಕಾರು ತಿರುಗಿಸಲು ಜಾಗವಿಲ್ಲದೆ ಪ್ರತಿದಿನ ಬೆಳಿಗ್ಗೆ ರಿವರ್ಸಿನಲ್ಲೇ ಏರು ಹತ್ತುತ್ತೇನೆ. ಗೇರು ಕೂಗುತ್ತದೆ, ಅರ್ಧ ದಾರಿಗೇ ಕ್ಲಚ್ ಸುಟ್ಟ ವಾಸನೆ ಬರುತ್ತದೆ, ಕಾರು ಹಾವಿನಂತೆ ಅತ್ತಿತ್ತ ಹೊರಳುತ್ತದೆ. ಏನು ಮಾಡಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ ಅಣ್ಣ. ಕೂಗು ದೋಷವಲ್ಲ, ಅನೇಕ ಕಾರುಗಳಲ್ಲಿ ರಿವರ್ಸ್ ಗೇರಿನ ಹಲ್ಲುಗಳು ಓರೆಯಾಗಿರದೆ ನೇರವಾಗಿರುವುದರಿಂದ ಆ ಸದ್ದು ಬರುತ್ತದೆ. ವಾಸನೆಯನ್ನು ಮಾತ್ರ ಹಗುರವಾಗಿ ಕಾಣಬೇಡಿ. ರಿವರ್ಸಿನ ಅನುಪಾತ, ಅಂದರೆ ಚಕ್ರದ ಒಂದು ಸುತ್ತಿಗೆ ಇಂಜಿನು ತಿರುಗುವ ಸುತ್ತುಗಳ ಲೆಕ್ಕ, ಹೆಚ್ಚುಕಡಿಮೆ ಫಸ್ಟ್ ಗೇರಿನಷ್ಟೇ ಇದ್ದು, ಇಂಜಿನು ನಿಮಿಷಕ್ಕೆ 2000 ಸುತ್ತು ತಿರುಗಿದರೆ ಸಣ್ಣ ಕಾರು ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿ ಹೋಗುತ್ತದೆ. ತೋಡಿನ ಭಯಕ್ಕೆ ಅದಕ್ಕಿಂತಲೂ ನಿಧಾನವಾಗಿ ಹೋಗಲು ನೀವು ಅರ್ಧ ಕ್ಲಚ್ಚಿನಲ್ಲಿ ಕಾಲಿಟ್ಟುಕೊಂಡೇ ಏರು ಹತ್ತುತ್ತೀರಿ, ಸುಡುತ್ತಿರುವುದು ಅದೇ.

ಹೊರಳುವುದಕ್ಕೆ ಕಾರಣ ಬೇರೆ. ಮುಂದೆ ಹೋಗುವಾಗ ಸ್ಟೇರಿಂಗನ್ನು ಸಡಿಲ ಬಿಟ್ಟರೆ ಚಕ್ರಗಳು ತಾವಾಗಿ ನೇರವಾಗುತ್ತವೆ. ಹಿಂದೆ ಹೋಗುವಾಗ ಆ ಗುಣವೇ ತಿರುಗುಮುರುಗಾಗಿ, ಸ್ವಲ್ಪ ಓರೆಯಾದ ಚಕ್ರ ಇನ್ನಷ್ಟು ಓರೆಯಾಗಲು ನೋಡುತ್ತದೆ. ಆದ್ದರಿಂದ ಎಡ ಭುಜದ ಮೇಲಿಂದ ಹಿಂದಿನ ಗಾಜಿನಾಚೆ ದೂರಕ್ಕೆ ದೃಷ್ಟಿಯಿಟ್ಟು, ಬಲಗೈಯನ್ನು ಸ್ಟೇರಿಂಗಿನ ನೆತ್ತಿಯಲ್ಲಿರಿಸಿ, ಎರಡು ಬೆರಳಿನಷ್ಟು ಮಾತ್ರ ತಿದ್ದುತ್ತಾ ಬನ್ನಿ.

ಆದರೂ ನನ್ನ ಮುಖ್ಯ ಸಲಹೆ ಇದಲ್ಲ. ಸಂಜೆ ಬರುವಾಗಲೇ ರಿವರ್ಸಿನಲ್ಲಿ ಇಳಿಯಿರಿ, ಬೆಳಿಗ್ಗೆ ಮೂತಿ ಮುಂದಾಗಿ ಹೊರಡಿ. ಕ್ಲಚ್ ಪೂರ್ತಿ ಬಿಟ್ಟು ಗೇರಿನ ಹಿಡಿತದಲ್ಲೇ ಇಳಿಯಬಹುದಾದ್ದರಿಂದ ಅದು ಸುಡುವುದಿಲ್ಲ. ಅದಕ್ಕಿಂತಲೂ ದೊಡ್ಡದು, ಬರೆಯ ಮರೆಯಿಂದ ಕಾರಿನ ಹಿಂಭಾಗ ಡಾಮರು ರಸ್ತೆಗೆ ಹೊರಬೀಳುವಾಗ ಬರುವ ಬಸ್ಸು ನಿಮಗೆ ಕಾಣುವುದಿಲ್ಲ. ವಾಹನವನ್ನು ತಿರುಗಿಸಲು ಬೇಕಾದುದಕ್ಕಿಂತ ಹೆಚ್ಚು ದೂರ ಹಿಮ್ಮುಖವಾಗಿ ಓಡಿಸಬಾರದೆಂದು 1989ರ ರಸ್ತೆ ನಿಯಮಗಳಲ್ಲೇ ಹೇಳಿತ್ತು. ಆಟಿ ತಿಂಗಳ ಮಳೆಗೆ ದಾರಿ ಪಾಚಿಗಟ್ಟಿದಾಗ ಮಾತ್ರ ಹೀಗೆ ಇಳಿಯಬೇಡಿ: ಹಿಮ್ಮುಖವಾಗಿ ಇಳಿಯುತ್ತಾ ಬ್ರೇಕ್ ಒತ್ತಿದರೆ ಮುಂದಿನ ಚಕ್ರಗಳ ಮೇಲಿನ ಭಾರ ತಗ್ಗಿ, ಅವು ಜಾರಿ, ಸ್ಟೇರಿಂಗ್ ಕೇಳುವುದಿಲ್ಲ. ಅಂತಹ ದಿನ ಕಾರನ್ನು ಮೇಲೆಯೇ ಬಿಟ್ಟು ಕೊಡೆ ಹಿಡಿದು ನಡೆಯಿರಿ.

ಇನ್ನೊಬ್ಬರ ಪ್ರಶ್ನೆ: ರಿವರ್ಸ್ ಕ್ಯಾಮೆರಾ ಹಾಕಿಸಿದರೆ ಸಾಲದೇ ಮಾಷ್ಟ್ರೇ?

ಉತ್ತರ: ಸಾಲದು ಅಕ್ಕ. ಅಂಗಳದಲ್ಲಿ ಆಡುವ ಮಕ್ಕಳನ್ನು ಕಾಣಲು ಅದು ಖಂಡಿತ ಬೇಕು. ಆದರೆ ಕಾರಿನ ಮೂತಿ ಎತ್ತ ಹೋಗುತ್ತಿದೆಯೆಂದು ಅದು ತೋರಿಸುವುದಿಲ್ಲ. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಹಿಂಭಾಗ ಎಡಕ್ಕೂ ಮೂತಿ ಬಲಕ್ಕೂ ಹೋಗುತ್ತದೆ. ನನ್ನಲ್ಲಿ ಕಲಿಯುತ್ತಿದ್ದ ಹುಡುಗನೊಬ್ಬ ಪರದೆಯನ್ನೇ ನೋಡುತ್ತಾ ಬಾಲವನ್ನು ಬರೆಯಿಂದ ಗೇಣಿನಷ್ಟು ದೂರದಲ್ಲಿ ಚೆನ್ನಾಗಿಯೇ ನಿಲ್ಲಿಸಿದ. ಅಷ್ಟರಲ್ಲಿ ಬಲಗಡೆಯ ಮುಂದಿನ ಚಕ್ರ ತೋಡಿಗಿಳಿದಿತ್ತು. ಅಡಿಕೆ ಮರದ ತುಂಡುಗಳನ್ನು ಅಡಿಗಿಟ್ಟು ನಾಲ್ಕು ಜನ ಎತ್ತಬೇಕಾಯಿತು. ತಿರುವಿನಲ್ಲಿ ಒಮ್ಮೆ ನಿಲ್ಲಿಸಿ, ಮುಂದಕ್ಕೆ ತಿರುಗಿ ಮೂತಿಯನ್ನು ನೋಡಿಯೇ ಮುಂದುವರಿಯಿರಿ.