ಕಾಕಾನ ಎದಿ ನರದ ಸ್ಕ್ಯಾನ್

ತಮ್ಮಾ, ಟೈಪ್ ಮಾಡಾಕ ಕುಂತ್ರ ಮುಗಿಯೂದಿಲ್ಲ, ಅದಕ್ಕ ವಾಯ್ಸ್ ಹಾಕಾಕತ್ತೀನಿ. ಕಾಕೂಗೂ ಕೇಳಸು. "ಅಪ್ಪನ ಆಂಜಿಯೋ ಚೊಲೋ ಬಂದೈತಿ, ಮತ್ತ ನಿದ್ದಿ ಡಾಕ್ಟರ್ ಎದಿ ನರದ ಸ್ಕ್ಯಾನ್ ಯಾಕ ಬರದಾರ, ರೊಕ್ಕ ಸುಲಿಯಾಕನ?" ಅಂತ ಕೇಳೀದಿ. ಹಂಗಲ್ಲೋ. ಬೆಳಗಾವ್ಯಾಗ ಸ್ಲೀಪ್ ಲ್ಯಾಬಿನಾಗ ರಾತ್ರಿ ಪಾಳಿ ಮಾಡಾಕಿ ನಾನು, ಇಂಥಾವ್ರನ್ನ ಕಣ್ಣಾರೆ ನೋಡೇನಿ.

ಕನಸ ಬೀಳೂ ಹೊತ್ತಿನ್ಯಾಗ ಕೈಕಾಲು ಸಡಲ ಆಗಿರಬೇಕು. ಕೆಲವರಿಗೆ ಆ ಲಗಾಮು ಹರಿದಿರತೈತಿ. ಕಾಕಾನೂ ಹಂಗ, ಕನಸಿನ್ಯಾಗ ಹಂದಿ ಓಡಸಾಕ ಹೋಗಿ ಕಾಕೂಗ ಒದೀತಾರ. 1986ರಾಗ ಅಮೆರಿಕಾದ ಮಿನ್ನೆಸೋಟಾದ ಶೆಂಕ್ ಮತ್ತ ಮಹೋವಾಲ್ಡ್ ಡಾಕ್ಟರ್ ಇದನ್ನ ಬ್ಯಾರೇ ರೋಗ ಅಂತ ಬರದ್ರು. ಮುಂದ ಪಾರ್ಕಿನ್ಸನ್, ಅಂದ್ರ ಕೈಕಾಲು ನಡುಗೂ ರೋಗ, ಬರಬಹುದು ಅನ್ನೂ ಸೂಚನೆ ಅದು, ಅದಕ್ಕ ಹಗುರ ತಗೋಬಾರದು. ಆದ್ರ ಗೊರಕಿ ಹೊಡದು ಉಸಿರು ಕಟ್ಟಿದವ್ರೂ ಎಚ್ಚರಾಗೂಮುಂದ ಹಿಂಗ ಚೀರತಾರ, ಕೈ ಬೀಸತಾರ. ಕಾಕಾಗ ಎರಡೂ ಇದ್ದಂಗ ಕಾಣತೈತಿ.

ಇಲ್ಲೇ ಸ್ಕ್ಯಾನ್ ಉಪಯೋಗಕ್ಕ ಬರೂದು. ಎಮ್‌ಐಬಿಜಿ ಅಂತ ಸ್ವಲ್ಪ ವಿಕಿರಣ ಸೂಸೂ ಔಷಧ, ನರ ಬಿಡೂ ನಾರ್‌ಅಡ್ರಿನಲಿನ್ ಅನ್ನೂ ರಾಸಾಯನಿಕದ ಹಂಗ ಇರತೈತಿ, ಎದಿ (ಹೃದಯದ) ನರದ ತುದಿ ಅದನ್ನ ಹೀರಕೋತಾವ. ಚುಚ್ಚಿ 15 ನಿಮಿಷ ಆದ ಮ್ಯಾಲ ಒಂದ ಸಲ, 3-4 ತಾಸು ಆದ ಮ್ಯಾಲ ಇನ್ನೊಂದ ಸಲ ಫೋಟೋ ತಗೀತಾರ. ಕನಸಿನ ರೋಗ ಖರೇ ಇದ್ರ, ಕೈ ನಡುಗೂಕಿಂತ ಎಷ್ಟೋ ವರ್ಷ ಮೊದಲ ಆ ನರ ಸೊರಗಿರತಾವ, ಎದಿ ಮಸುಕಾಗಿ ಕಾಣತೈತಿ. ಬರೇ ಉಸಿರಿನ ತ್ರಾಸಿದ್ರ ಸಾಮಾನ್ಯವಾಗಿ ಅಷ್ಟು ಕಡಿಮಿ ಆಗೂದಿಲ್ಲ. ಆಂಜಿಯೋ ನೋಡೂದು ರಕ್ತನಾಳ, ಇದು ನೋಡೂದು ನರ, ಎರಡೂ ಬ್ಯಾರೇ ಬ್ಯಾರೇ.

ಆದ್ರ ನನ್ನ ಚಿಂತಿ ಬ್ಯಾರೇ. ಕಾಕಾಗ ಸಕ್ಕರಿ ರೋಗ ಐತಿ, ಅದೂ ಎದಿ ನರ ಕೆಡಸತೈತಿ. ಕಾಲ ಉರಿಗೆ ಅಮಿಟ್ರಿಪ್ಟಿಲಿನ್ ಗುಳಿಗಿ ತಗೋತಾರಲ್ಲ, ಅದು ಸ್ಕ್ಯಾನೂ ತಪ್ಪಸತೈತಿ, ನಿದ್ದ್ಯಾಗ ಒದಿಯೂದನ್ನೂ ತರಬಹುದು! ಡಾಕ್ಟರಿಗೆ ಇದನ್ನ ಹೇಳೀರೋ ಇಲ್ಲೋ? ನೀವ ನೀವ ಗುಳಿಗಿ ನಿಲ್ಲಸಬ್ಯಾಡ್ರಿ ಮತ್ತ.

ನನ್ನ ಕೇಳಿದ್ರ ಮೊದಲ ಒಂದ ರಾತ್ರಿ ವಿಡಿಯೋ ಸಮೇತ ನಿದ್ದಿ ಟೆಸ್ಟ್ ಆಗಲಿ. ಉಸಿರು ಕಟ್ಟೂದು ಕಂಡ್ರ ಸಿಪ್ಯಾಪ್ ಅಂತ ಮುಖವಾಡದಿಂದ ಗಾಳಿ ಒತ್ತಿ ಉಸಿರಿನ ದಾರಿ ತೆರದ ಇಡೂ ಮಷಿನ್ ಹಾಕಿ ನೋಡ್ರಿ. ಅದರಿಂದ ಒದಿಯೂದು ನಿಂತ್ರ ಸ್ಕ್ಯಾನಿನ ಮಾತು ಬಹುಶಃ ಬರೂದಿಲ್ಲ. ಮಷಿನ್ ಹಾಕಿದ ಮ್ಯಾಲೂ ಚೀರೂದು, ಒದಿಯೂದು ನಡದ್ರ ಅವಾಗ ಮಾಡಸೂದು ಬರೋಬ್ಬರಿ. ಡಾಕ್ಟರಿಗೆ ಹಿಂಗ ಕೇಳು, ಬ್ಯಾಸರ ಮಾಡಕೋಳೂದಿಲ್ಲ ಅವರು.

ಕಾಕೂ, ಇವತ್ತಿನಿಂದ ನೀವು ಬ್ಯಾರೇ ಹಾಸಿಗಿ ಹಾಸಕೋರಿ. ಕಾಕಾನ ಹಾಸಿಗಿ ನೆಲದ ಮ್ಯಾಲ ಹಾಕಿ, ಹತ್ತಿರದ ಕುಡಗೋಲು, ಗಾಜಿನ ಸಾಮಾನು ತಗದ ಬಿಡ್ರಿ. ತಮ್ಮಾ, ಗುಳಿಗಿ ಚೀಟಿ ಫೋಟೋ ಈಗ ಕಳಸು.