ಅಪಘಾತದಲ್ಲಿ ಚಾಲಕನ ಹೆಸರು ಬದಲಿಸಿ ವಿಮೆ ಕೇಳಿದರೆ ಯಾವ ಕೇಸು ಬೀಳುತ್ತದೆ?

ಆಳಂದದ ಶಿಕ್ಷಕ:
ಕಳೆದ ವಾರ ರಾತ್ರಿ ಕಲಬುರಗಿ–ಆಳಂದ ರಸ್ತೆಯಲ್ಲಿ ನಮ್ಮ ಕಾಕಾ ಅವರ ಕಾರು ಬೈಕಿಗೆ ಗುದ್ದಿತು. ಓಡಿಸುತ್ತಿದ್ದವನು ಅವರ ಮಗ. ವಯಸ್ಸು ಇಪ್ಪತ್ತು, ಲೈಸೆನ್ಸ್ ಇಲ್ಲ. ಬೈಕಿನವರು ತೊಗರಿ ಚೀಲ ಹೊರುವ ಹಮಾಲರು, ಅವರ ಕಾಲು ಮುರಿದಿದೆ. ಕಾರು ಓಡಿಸಿದ ಆ ತಮ್ಮನ ಹಣೆಗೂ ಅದೇ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು.

ಈಗ ಗ್ಯಾರೇಜಿನವರು ಮತ್ತು ವಿಮೆ ಏಜೆಂಟ್ ಸೇರಿ ಕಾಕಾ ಅವರಿಗೆ ದಾರಿ ಹೇಳಿಕೊಟ್ಟಿದ್ದಾರೆ: ಕಾರು ಓಡಿಸಿದ್ದು ನಾನೇ ಎಂದು ನಾನು ಠಾಣೆಯಲ್ಲಿ ಹೇಳಿಕೆ ಕೊಡಬೇಕು, ಕ್ಲೇಮ್ ಫಾರ್ಮಿನಲ್ಲಿ ನನ್ನ ಲೈಸೆನ್ಸ್ ನಂಬರ್ ಬರೆಯಬೇಕು. ನಾನು ಸರ್ಕಾರಿ ಪ್ರೌಢಶಾಲೆ ಶಿಕ್ಷಕ. ನನ್ನನ್ನು ಓದಿಸಿದ್ದೇ ಕಾಕಾ. ಅವರಿಗೆ ಇಲ್ಲ ಎನ್ನಲು ಬಾಯಿ ಬರುತ್ತಿಲ್ಲ. ಆದರೆ ಕಾಲು ಮುರಿದುಕೊಂಡು ಮಲಗಿರುವ ಮನುಷ್ಯನ ವಿಷಯದಲ್ಲಿ ಸುಳ್ಳು ಬರೆದುಕೊಡಲು ಮನಸ್ಸು ಒಪ್ಪುವುದಿಲ್ಲ. ಸೋಮವಾರ ಸಹಿ ಹಾಕಬೇಕಂತೆ. ಕಾನೂನು ಏನು ಹೇಳುತ್ತದೆ? ನಿಜ ಹೇಳಿದರೆ ಆ ಹಮಾಲರಿಗೆ ಪರಿಹಾರ ತಪ್ಪುತ್ತದೆಯೇ?

ವಕೀಲರು, ಕಲಬುರಗಿ:
ಮೇಷ್ಟ್ರೇ, ಸಹಿ ಹಾಕಬೇಡಿ. ನಾನೇ ಓಡಿಸಿದೆ ಎಂದ ಕ್ಷಣದಿಂದ ಅಪಘಾತದ ಕೇಸಿನಲ್ಲಿ ಆರೋಪಿ ನೀವು. ಭಾರತೀಯ ನ್ಯಾಯ ಸಂಹಿತೆಯ ಕಲಂ 281 (ಅಜಾಗರೂಕ ಚಾಲನೆ) ಮತ್ತು 125ರಡಿ (ಇತರರ ಜೀವಕ್ಕೆ ಅಪಾಯ ತರುವ ಕೃತ್ಯ) ನಿಮ್ಮ ಹೆಸರಿನಲ್ಲೇ ದೋಷಾರೋಪ ಪಟ್ಟಿ ಹೋಗುತ್ತದೆ.

ಅದರ ಮೇಲೆ ಸುಳ್ಳಿನದೇ ಬೇರೆ ಕೇಸು. ಹಣ ಪಡೆಯಲು ಮೋಸ ಮಾಡಿದರೆ ಕಲಂ 318(4), ಏಳು ವರ್ಷದವರೆಗೆ ಸಜೆ ಮತ್ತು ದಂಡ. ಕಂಪನಿ ಹಣ ಕೊಡುವ ಮೊದಲೇ ಸಿಕ್ಕಿಬಿದ್ದರೂ ಪ್ರಯತ್ನವೇ ಅಪರಾಧ. ಪೊಲೀಸರಿಗೆ ಸುಳ್ಳು ಮಾಹಿತಿ ಕೊಟ್ಟರೆ ಕಲಂ 217. ಕಾಕಾ, ಏಜೆಂಟ್, ಗ್ಯಾರೇಜಿನವರು ಎಲ್ಲರನ್ನೂ ಒಳಸಂಚಿನ ಕಲಂ 61 ಹಿಡಿಯುತ್ತದೆ. ಮೋಸದ ಕೇಸು ಜಾಮೀನುರಹಿತ. ಸರ್ಕಾರಿ ನೌಕರ 48 ಗಂಟೆಗಿಂತ ಹೆಚ್ಚು ಬಂಧನದಲ್ಲಿದ್ದರೆ ಅಮಾನತು ತಾನಾಗಿಯೇ ಆದಂತೆ.

ಇನ್ನು ನಿಜ ಹೇಳಿದರೆ ಏನಾಗುತ್ತದೆ ನೋಡಿ. ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ಮಗನಿಗೆ ಮೋಟಾರು ವಾಹನ ಕಾಯ್ದೆಯ ಕಲಂ 181, ಓಡಿಸಲು ಬಿಟ್ಟ ಕಾಕಾ ಅವರಿಗೆ ಕಲಂ 180: ಮೂರು ತಿಂಗಳವರೆಗೆ ಸಜೆ ಇಲ್ಲವೇ 5,000 ರೂಪಾಯಿ ದಂಡ, ಅಥವಾ ಎರಡೂ. ಅಪಘಾತದ ಕಲಂಗಳಿಗೂ ಜಾಮೀನು ಸಿಗುತ್ತದೆ. ಇಷ್ಟನ್ನು ತಪ್ಪಿಸಿಕೊಳ್ಳಲು ಏಳು ವರ್ಷದ ಕಲಂಗೆ ಕೊರಳೊಡ್ಡುವುದು ಯಾವ ಲೆಕ್ಕ?

ಗಾಯಾಳುವಿನ ಪರಿಹಾರದ ಬಗ್ಗೆ ಕೇಳಿದ್ದೀರಿ, ಒಳ್ಳೆಯದು ಮಾಡಿದಿರಿ. ಚಾಲಕನಿಗೆ ಲೈಸೆನ್ಸ್ ಇಲ್ಲದಿದ್ದರೂ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂದು ಅಪಘಾತ ಪರಿಹಾರದ ನ್ಯಾಯಮಂಡಳಿ ಆದೇಶಿಸಬಹುದು. ಸುಪ್ರೀಂ ಕೋರ್ಟ್ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಈ ದಾರಿ ತೋರಿಸಿದೆ. ಹೊರೆ ಬೀಳುವುದು ಕಾಕಾ ಅವರ ಮೇಲೆ. ಅದನ್ನು ಮುಚ್ಚಿಡುವುದಿಲ್ಲ.

ನಿವೃತ್ತ ವಿಮಾ ಸರ್ವೆಯರ್, ಬೀದರ್:
ತಮ್ಮನ ಹಣೆಗೆ ಹೊಲಿಗೆ ಬಿದ್ದಿದೆ ಎಂದಿರಲ್ಲ, ಅಲ್ಲಿಗೇ ಮುಗಿಯಿತು. ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯಗಳ) ರಿಜಿಸ್ಟರಿನಲ್ಲಿ ಅವನ ಹೆಸರು, ಗಾಯ, ಸಮಯ ದಾಖಲಾಗಿರುತ್ತವೆ. ತನಿಖೆಗೆ ಬರುವವರು ಮೊದಲು ಕೇಳುವುದೇ ಅದನ್ನು. ಕಾರಿನಲ್ಲಿದ್ದವನಿಗೆ ಹಣೆ ಒಡೆದು, ಓಡಿಸಿದೆ ಎನ್ನುವವರ ಮೈಮೇಲೆ ಗೀರೂ ಇಲ್ಲದಿದ್ದರೆ ಯಾರು ನಂಬುತ್ತಾರೆ? ನಿಮ್ಮ ಮೊಬೈಲ್ ಆ ಹೊತ್ತಿನಲ್ಲಿ ಎಲ್ಲಿತ್ತು ಎಂಬುದೂ ಸಿಗುತ್ತದೆ. ಇನ್ನೊಂದು ಮಾತು: ದಾರಿ ಹೇಳಿಕೊಟ್ಟ ಏಜೆಂಟ್ ಎಲ್ಲಾದರೂ ಸಹಿ ಹಾಕುತ್ತಿದ್ದಾರೆಯೇ, ನೋಡಿಕೊಳ್ಳಿ.

ಆಳಂದದ ಶಿಕ್ಷಕ:
ಕಾಕಾ ಅವರಿಗೆ ಎಲ್ಲವನ್ನೂ ಓದಿ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಕಾರಿನ ರಿಪೇರಿ ನಾನೇ ಮಾಡಿಸುತ್ತೇನೆ, ಆದರೆ ಠಾಣೆಯಲ್ಲಿ ಮಗನ ಹೆಸರು ಹೇಳಲೇಬೇಕೇ ಎಂದು ಕೇಳಿದರು.

ವಕೀಲರು, ಕಲಬುರಗಿ:
ಹೇಳಲೇಬೇಕು. ಪೊಲೀಸರು ಕೇಳಿದಾಗ ಚಾಲಕನ ಹೆಸರು, ವಿಳಾಸ ಕೊಡುವುದು ಮಾಲೀಕರ ಕರ್ತವ್ಯ ಎಂದು ಮೋಟಾರು ವಾಹನ ಕಾಯ್ದೆಯ ಕಲಂ 133 ಹೇಳುತ್ತದೆ. ಸೋಮವಾರ ಕಾಕಾ ಅವರು ಮಗನನ್ನು ಕರೆದುಕೊಂಡು ಬರಲಿ. ಆರ್‌ಸಿ, ಪಾಲಿಸಿ, ಜಾಮೀನಿಗೆ ಒಬ್ಬರ ಆಧಾರ್ ಪ್ರತಿ ಇರಲಿ. ಕ್ಲೇಮ್ ಫಾರ್ಮ್ ಈಗಾಗಲೇ ಏಜೆಂಟರ ಕೈಯಲ್ಲಿದ್ದರೆ ಇವತ್ತೇ ವಾಪಸ್ ಪಡೆಯಿರಿ.